ಬೀದಿಬದಿಯಲ್ಲಿ ನಾಡಹೂಗಳ ಬಿತ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಪಕ್ಕದ ಪಾಳು ಜಾಗದಲ್ಲಿ ತುಂಬೆ ಬೀಜ ಚೆಲ್ಲಲು ಆರಂಭಿಸಿ ಆರು ಮಳೆಗಾಲಗಳು ಕಳೆದವು. ಈ ಅವಧಿಯಲ್ಲಿ ನೆರೆಹೊರೆಯವರೂ ವಾಯುವಿಹಾರಕ್ಕೆ ಬರುವವರೂ ಪತ್ರ ಬರೆದವರೂ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳು ಬಹುಮಟ್ಟಿಗೆ ಬಯಲುಸೀಮೆಯ ಅನುಭವದವು. ಮಲೆನಾಡು, ಕರಾವಳಿಗೆ ಮಾತು ಬದಲಾಗುವಲ್ಲಿ ಅದನ್ನು ಸೂಚಿಸಿದ್ದೇನೆ.

## ಮೊದಲ ಪರಿಚಯ

ಗೆರಿಲ್ಲಾ ತೋಟಗಾರಿಕೆ ಎಂದರೇನು? ಹೂ ಬೆಳೆಸುವುದಕ್ಕೆ ಯುದ್ಧದ ಹೆಸರೇಕೆ?

ತನಗೆ ಸೇರದ, ಯಾರೂ ನೋಡಿಕೊಳ್ಳದ ಜಾಗದಲ್ಲಿ ಕೇಳದೆಯೇ ಗಿಡ ಬೆಳೆಸುವುದಕ್ಕೆ ಈ ಹೆಸರು ಬಂದದ್ದು ನ್ಯೂಯಾರ್ಕಿನಿಂದ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆಯೂ ಆಕೆಯ ಗೆಳೆಯರೂ 'ಗ್ರೀನ್ ಗೆರಿಲ್ಲಾಸ್' ಎಂದು ತಮ್ಮನ್ನು ಕರೆದುಕೊಂಡು, ಬೇಲಿ ಹಾಕಿದ ಖಾಲಿ ನಿವೇಶನಗಳೊಳಕ್ಕೆ ಬೀಜ ತುಂಬಿದ ಉಂಡೆಗಳನ್ನು ಎಸೆಯುತ್ತಿದ್ದರು. ಬೋವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಕೂಡುವಲ್ಲಿದ್ದ ಕಸದ ಜಾಗವೊಂದನ್ನು ತೋಟವಾಗಿಸಿದರು. ಆ ಕಥೆಯ ಎರಡನೆಯ ಭಾಗವನ್ನು ಹೇಳುವವರು ಕಡಿಮೆ: ಮರುವರ್ಷವೇ ಅವರು ಅದೇ ಜಾಗವನ್ನು ನಗರಾಡಳಿತದಿಂದ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಪಡೆದರು, ಮತ್ತು ಇಂದಿಗೂ ಅದು ಕ್ರಿಸ್ಟಿಯ ಹೆಸರಿನಲ್ಲಿ ಉಳಿದಿದೆ. ಕದ್ದು ಬಿತ್ತಿದ್ದು ಆರಂಭವಷ್ಟೇ. ಅದನ್ನು ಉಳಿಸಿದ್ದು ಕೇಳಿ ಪಡೆದ ಒಪ್ಪಿಗೆ.

ಕಾಡುಹೂಗಳು ತಾವಾಗಿಯೇ ಬೆಳೆಯುತ್ತವಲ್ಲ, ಬಿತ್ತುವ ಅಗತ್ಯವೇನು?

ಹಳ್ಳಿಯ ಹೊಲದ ಬದುವಿನಲ್ಲಿ ಅಗತ್ಯವೇ ಇಲ್ಲ. ಬಡಾವಣೆಯ ಮಾತು ಬೇರೆ. ಅಲ್ಲಿ ಮೇಲ್ಮಣ್ಣನ್ನು ಜೆಸಿಬಿ ಕೆರೆದು ಒಯ್ದಿರುತ್ತದೆ, ಅದರೊಡನೆ ನೆಲದಲ್ಲಿ ಮಲಗಿದ್ದ ಬೀಜವೂ ಹೋಗಿರುತ್ತದೆ. ಬದಲಿಗೆ ಬಂದದ್ದು ಇಟ್ಟಿಗೆ ಚೂರು, ಸಿಮೆಂಟು, ಎಲ್ಲಿಂದಲೋ ತಂದು ಸುರಿದ ಮಣ್ಣು, ಅದರೊಳಗೆ ಅಡಗಿದ್ದ ಕಾಂಗ್ರೆಸ್ ಗಿಡದ ಬೀಜ. ಅಷ್ಟಾಗಿಯೂ ಗಾಳಿಯಿಂದಲೋ ಇರುವೆಯಿಂದಲೋ ಬಂದು ಹುಟ್ಟಿದ ನಾಲ್ಕು ತುಂಬೆ ಗಿಡಗಳು ಬೀಜ ಬಲಿಯುವ ಮುನ್ನವೇ 'ಸ್ವಚ್ಛತೆ'ಗೆ ಬಲಿಯಾಗುತ್ತವೆ. ಎರಡು ಮೂರು ವರ್ಷ ಹೀಗಾದರೆ ಅಲ್ಲಿ ಆ ಜಾತಿಯ ಬೀಜವೇ ಉಳಿಯುವುದಿಲ್ಲ. ನಾವು ಮಾಡುವ ಕೆಲಸ ಇಷ್ಟೇ: ಅರ್ಧ ಮೈಲಿ ಆಚೆ ಇನ್ನೂ ಉಳಿದಿರುವುದನ್ನು ಇಲ್ಲಿಗೆ ತಲುಪಿಸುವುದು, ಮತ್ತು ಅದು ಒಮ್ಮೆಯಾದರೂ ಬೀಜ ಉದುರಿಸುವವರೆಗೆ ಕತ್ತಿಯಿಂದ ಕಾಪಾಡುವುದು. ಎರಡರಲ್ಲಿ ಕಷ್ಟವಾದದ್ದು ಎರಡನೆಯದು.

'ನಮ್ಮ' ಹೂ ಎಂದು ಯಾವುದನ್ನು ಕರೆಯುತ್ತೀರಿ? ಚೆಂಡುಹೂ ನಮ್ಮದಲ್ಲವೇ?

ಚೆಂಡುಹೂವಿಲ್ಲದೆ ನಮ್ಮ ಆಯುಧಪೂಜೆ ಇಲ್ಲ, ಆದರೆ ಗಿಡದ ತವರು ಮೆಕ್ಸಿಕೊ. ನಿತ್ಯಪುಷ್ಪ ಮಡಗಾಸ್ಕರಿನದು. ಮುಟ್ಟಿದರೆ ಮುನಿಯೂ ಗಾಯಕ್ಕೆ ರಸ ಹಿಂಡುವ ಟ್ರೈಡಾಕ್ಸೂ ಅಮೆರಿಕ ಖಂಡದಿಂದ ಬಂದವು. ಅಂಗಳದಲ್ಲಿ ಇವು ಬೆಳೆದರೆ ಯಾರ ತಕರಾರೂ ಇಲ್ಲ. ಆದರೆ ಬಿತ್ತಿ ಬಿಟ್ಟುಬಿಡುವ ಜಾಗಕ್ಕೆ ನಾನು ಆರಿಸುವುದು ಇಲ್ಲಿನ ಮಳೆ, ಬಿಸಿಲು, ಹುಳುಗಳೊಡನೆ ಬಹುಕಾಲದಿಂದ ಬದುಕಿರುವ ಗಿಡಗಳನ್ನು: ತುಂಬೆ, ಆವರಿಕೆ, ವಿಷ್ಣುಕ್ರಾಂತಿ, ಕರ್ಣಕುಂಡಲ, ಕಾಡುಗೊರಟೆ, ಕನಕಾಂಬರ, ಎಕ್ಕ. 'ವೈಲ್ಡ್‌ಫ್ಲವರ್ ಮಿಕ್ಸ್' ಎಂದು ಪೊಟ್ಟಣದಲ್ಲಿ ಮಾರುವುದನ್ನು ಕೊಳ್ಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಮಸ್, ಗಸಗಸೆ ಜಾತಿಯ ಪಾಪ್ಪಿ ಮುಂತಾದವು, ಅಂದರೆ ಬೇರೆಯವರ ಕಾಡಿನ ಹೂಗಳು. ಹಳದಿ ಕಾಸ್ಮಸ್ ಅಂತೂ ಒಮ್ಮೆ ಹಿಡಿದರೆ ರಸ್ತೆಯುದ್ದಕ್ಕೂ ತಾನೇ ತಾನಾಗಿ ಹಬ್ಬುತ್ತದೆ.

ಗಿಡ ಬೆಳೆಸಿದರೆ ಹಾವು ಬರುವುದಿಲ್ಲವೇ? ಸೊಳ್ಳೆ ಹೆಚ್ಚುವುದಿಲ್ಲವೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಮತ್ತು ನಗುವ ಪ್ರಶ್ನೆಯಲ್ಲ. ಹಾವು ಬರುವುದು ಇಲಿ, ಕಪ್ಪೆಗಳಿಗಾಗಿ. ಇಲಿ ಬರುವುದು ಎಸೆದ ಅನ್ನಕ್ಕೆ, ಕಲ್ಲುರಾಶಿಯ ಸಂದಿಗೆ. ಆದ್ದರಿಂದ ಬಿತ್ತುವ ಮೊದಲು ಕಸವನ್ನೂ ಇಟ್ಟಿಗೆ ಗುಡ್ಡೆಯನ್ನೂ ತೆಗೆಸುವುದು ಹೂವಿಗಿಂತ ಮುಖ್ಯ. ಮೊಣಕಾಲೆತ್ತರ ಮೀರದ ಗಿಡಗಳನ್ನೇ ಆರಿಸಿ, ನಡೆಯುವ ದಾರಿಯಿಂದ ಎರಡು ಅಡಿ ಬಿಟ್ಟು ಬಿತ್ತಿದರೆ ನೆಲ ಕಣ್ಣಿಗೆ ಕಾಣುತ್ತಿರುತ್ತದೆ, ಜನರ ಅಂಜಿಕೆಯೂ ಕಡಿಮೆಯಾಗುತ್ತದೆ. ಇನ್ನು ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ತೆಂಗಿನ ಚಿಪ್ಪು, ಟೈರು, ಪ್ಲಾಸ್ಟಿಕ್ ಲೋಟಗಳಲ್ಲಿ ನಿಂತ ನೀರಿನಲ್ಲಿ. ಅವನ್ನು ಹೆಕ್ಕಿ ಹಾಕುವ ಕೆಲಸ ನನ್ನ ಬಿತ್ತನೆಯ ಚೀಲದೊಡನೆ ಯಾವಾಗಲೂ ಇರುತ್ತದೆ.

ಇದು ಕಾನೂನಿಗೆ ವಿರುದ್ಧವೇ?

ಜಾಗದ ಮೇಲೆ ಹೋಗುತ್ತದೆ. ರಸ್ತೆ ಅಂಚಿನಲ್ಲಿ ಹಿಡಿ ತುಂಬೆ ಬೀಜ ಚೆಲ್ಲಿದವರನ್ನು ಯಾರೂ ಠಾಣೆಗೆ ಕರೆದೊಯ್ದದ್ದನ್ನು ನಾನು ಕಂಡಿಲ್ಲ; ಹಾಗೆಂದು ಎಲ್ಲ ಜಾಗವೂ ಒಂದೇ ಅಲ್ಲ. ರೈಲು ಹಳಿಯ ಅಂಚಿಗೆ ಹೋಗಲೇಬೇಡಿ: ಅನುಮತಿಯಿಲ್ಲದೆ ರೈಲ್ವೆ ಜಾಗ ಹೊಕ್ಕರೆ 1989ರ ರೈಲ್ವೆ ಕಾಯ್ದೆಯ 147ನೆಯ ಕಲಂ ಅಡಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಉಂಟು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಪರವಾನಗಿಯಿಲ್ಲದೆ ಒಳಹೋಗುವುದೇ ತಪ್ಪು, ಬೀಜದ ಮಾತು ಆಮೇಲಿನದು. ಖಾಸಗಿ ನಿವೇಶನವಾದರೆ ಮಾಲೀಕರನ್ನು ಕೇಳಿ, ಏಕೆಂದರೆ ಗಿಡಗಂಟಿ ಬೆಳೆದಿದೆ ಎಂದು ನೋಟಿಸು ಬಂದರೆ ಅದು ಅವರ ಹೆಸರಿಗೆ ಬರುತ್ತದೆ. ಹೆದ್ದಾರಿಯ ನಡುಪಟ್ಟಿಗೆ ನನ್ನ ವಿರೋಧವಿದೆ, ಕಾನೂನಿಗಿಂತ ಮೊದಲು ಅಲ್ಲಿ ನಿಂತು ಬಾಗುವವರ ಜೀವದ ಕಾರಣಕ್ಕೆ.

## ಬೀಜ, ಕಾಲ, ನೆಲ

ಬೀಜದಂಗಡಿಯಲ್ಲಿ ತುಂಬೆ ಬೀಜ ಕೇಳಿದರೆ ನಕ್ಕರು. ಬೀಜ ಎಲ್ಲಿ ಸಿಗುತ್ತದೆ?

ಹಿತ್ತಲ ಗಿಡ ಮದ್ದಲ್ಲ ಎನ್ನುವ ನಾಡಿನಲ್ಲಿ ಅದನ್ನು ಮಾರುವವರೂ ಇಲ್ಲ, ನೀವೇ ಕೂಡಿಸಬೇಕು. ತುಂಬೆಯ ಕಾಂಡದಲ್ಲಿ ಹೂ ಬಿಟ್ಟ ಗುಂಡನೆಯ ಗಂಟುಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಗಿಡವನ್ನು ಹಾಳೆಯ ಮೇಲೆ ತಲೆಕೆಳಗಾಗಿ ಹಿಡಿದು ಬೆರಳಿನಿಂದ ತಟ್ಟಿದರೆ ಸಾಸಿವೆಗಿಂತ ಸಣ್ಣ ಕಂದು ಬೀಜಗಳು ಉದುರುತ್ತವೆ. ಒಂದೊಂದು ಹೂ ಕುಳಿತ ಬಟ್ಟಲಿನಲ್ಲೂ ಹೆಚ್ಚೆಂದರೆ ನಾಲ್ಕು ಬೀಜ. ಕರ್ಣಕುಂಡಲದ ಕಾಯಿ ಬಲಿತಾಗ ಮುಟ್ಟಿದೊಡನೆ ಸಿಡಿದು ಬೀಜವನ್ನು ಎರಚುತ್ತದೆ. ಅದರ ಮೇಲೆ ಕಾಗದದ ಲಕೋಟೆಯನ್ನು ತೊಡಿಸಿ ಆಮೇಲೆ ಹಿಸುಕಬೇಕು. ಗಿಲಗಿಚ್ಚಿಯ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಿಲಗಿಲ ಎಂದರೆ ಕೀಳಲು ಯೋಗ್ಯ. ಆವರಿಕೆಯ ಚಪ್ಪಟೆ ಕಾಯಿ ಕಾಗದದಂತೆ ಒಣಗುವವರೆಗೆ ಕಾಯಿರಿ.

ಒಂದು ಗಿಡದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಒಂದೇ ಗಿಡದಿಂದ ಎಲ್ಲವನ್ನೂ ತೆಗೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ವಾರ ಒಣಗಿಸಿ, ಕಾಗದದ ಪೊಟ್ಟಣದ ಮೇಲೆ ಜಾಗ, ದಿನಾಂಕ ಬರೆಯಿರಿ. ಬರೆಯದೆ ಇಟ್ಟ ಪೊಟ್ಟಣವೊಂದನ್ನು ನಾನು ತುಂಬೆಯೆಂದು ಬಿತ್ತಿ, ಉತ್ತರಾಣಿ ಬೆಳೆದು, ಆ ದಾರಿಯಲ್ಲಿ ಹೋದವರ ಸೀರೆಯಂಚಿಗೆಲ್ಲ ಅಂಟಿಕೊಂಡು ಬೈಗುಳ ತಿಂದದ್ದುಂಟು.

ಮೊದಲ ಸಲಕ್ಕೆ ಯಾವ ಹೂ ಸುಲಭ?

ಬಯಲುಸೀಮೆಗೆ ತುಂಬೆ, ಎರಡನೆಯ ಮಾತಿಲ್ಲ. ಕಲ್ಲುಮಣ್ಣಿನಲ್ಲಿ ಬದುಕುತ್ತದೆ, ಮೊಣಕಾಲು ಮೀರುವುದಿಲ್ಲ, ಶಿವಪೂಜೆಯ ಹೂ ಆದ್ದರಿಂದ ಜನ ಕಿತ್ತೆಸೆಯಲು ಹಿಂದೆಮುಂದೆ ನೋಡುತ್ತಾರೆ. ಈ ಮೂರನೆಯ ಕಾರಣವನ್ನು ಸಣ್ಣದೆಂದು ಎಣಿಸಬೇಡಿ. ಜನ ಓಡಾಡುವ ಅಂಚಿಗೆ ವಿಷ್ಣುಕ್ರಾಂತಿ ಸರಿ; ನೆಲಕ್ಕೆ ಅಂಟಿಕೊಂಡೇ ಹರಡುವುದರಿಂದ ತುಳಿತವನ್ನೂ ಹುಲ್ಲು ಕತ್ತರಿಸುವ ಯಂತ್ರವನ್ನೂ ತಾಳಿಕೊಳ್ಳುತ್ತದೆ. ಬಿರುಬಿಸಿಲಿನ ವಿಶಾಲ ಜಾಗವಿದ್ದರೆ ಆವರಿಕೆ, ಆದರೆ ಅದು ಪೊದೆಯಾಗುತ್ತದೆ, ತಿರುವಿನಲ್ಲಿ ವಾಹನಗಳಿಗೆ ಅಡ್ಡ. ಮಲೆನಾಡಿನ, ಕರಾವಳಿಯ ತೇವದ ಗೋಡೆಬುಡಕ್ಕೆ ಕರ್ಣಕುಂಡಲಕ್ಕಿಂತ ಸುಲಭವಾದದ್ದಿಲ್ಲ.

ಯಾವ ಮಳೆಗೆ ಬಿತ್ತಬೇಕು?

ನಮ್ಮ ಕಡೆ ರೋಹಿಣಿ ಮುಗಿದು ಮೃಗಶಿರಾ ಹುಟ್ಟುವ ಹೊತ್ತಿಗೆ, ಅಂದರೆ ಜೂನ್ ಮೊದಲ ಎರಡನೆಯ ವಾರದಲ್ಲಿ, ನೆಲ ಒಂದು ಗೇಣು ನೆನೆದ ಮೇಲೆ. ಭರಣಿಯ ಒಂದು ಅಡ್ಡಮಳೆಗೆ ಮರುಳಾಗಿ ಬಿತ್ತಿದರೆ ಮೊಳಕೆ ಬಂದು ಹದಿನೈದು ದಿನದ ಬಿಸಿಲಿಗೆ ಸುಟ್ಟುಹೋಗುತ್ತದೆ. ಬೆಂಗಳೂರು, ತುಮಕೂರು, ಕೋಲಾರದ ಕಡೆ ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ಬೀಜದ ಅರ್ಧವನ್ನು ಹುಬ್ಬೆ, ಉತ್ತರೆ ಮಳೆಗೆ ಉಳಿಸಿಕೊಳ್ಳುವುದು ಜಾಣತನ. ಕರಾವಳಿಯಲ್ಲಿ ಲೆಕ್ಕ ತಿರುವುಮುರುವು: ಜೂನ್ ತಿಂಗಳ ಜಡಿಮಳೆ ಸಣ್ಣ ಬೀಜವನ್ನು ಚರಂಡಿಗೆ ಒಯ್ಯುವುದರಿಂದ ಮೇ ತಿಂಗಳ ಮೊದಲ ಮಳೆಗಳಿಗೇ ಸಸಿ ಬೇರು ಹಿಡಿದಿರಬೇಕು.

ನೆಲ ಅಗೆದು ಗೊಬ್ಬರ ಹಾಕಬೇಕೇ?

ಬೇಡ. ಗೊಬ್ಬರ ಹಾಕಿದರೆ ಹುಲ್ಲೂ ಕಳೆಯೂ ಕೊಬ್ಬುತ್ತವೆ, ಬಡನೆಲಕ್ಕೆ ಒಗ್ಗಿದ ಹೂಗಿಡ ನೆರಳಿಗೆ ಸಿಕ್ಕಿ ಸೋಲುತ್ತದೆ. ಆಳವಾಗಿ ಅಗೆದರೆ ಹೂತಿದ್ದ ಕಾಂಗ್ರೆಸ್ ಬೀಜಕ್ಕೆ ಬೆಳಕು ತೋರಿಸಿದಂತೆ. ಕುಂಟೆಯ ಹಲ್ಲಿನಿಂದಲೋ ಹಳೆಯ ಫೋರ್ಕಿನಿಂದಲೋ ಅರ್ಧ ಬೆರಳಿನಷ್ಟು ಗೀರಿ, ಬೀಜವನ್ನು ಎಂಟು ಪಾಲು ಒಣ ಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ಚಪ್ಪಲಿಕಾಲಿನಲ್ಲಿ ತುಳಿದು ಬಿಡಿ. ತುಂಬೆಯಂಥ ಸಣ್ಣ ಬೀಜವನ್ನು ಮಣ್ಣಿನಲ್ಲಿ ಮುಚ್ಚಬಾರದು. ಮರಳು ಬೆರೆಸುವುದರ ಇನ್ನೊಂದು ಅನುಕೂಲ, ಎಲ್ಲಿ ಬಿದ್ದಿದೆ ಎಲ್ಲಿ ಬಿದ್ದಿಲ್ಲ ಎಂಬುದು ಕಾಣುತ್ತದೆ.

ಆವರಿಕೆ, ಗಿಲಗಿಚ್ಚಿ ಬಿತ್ತಿದೆ, ಒಂದೂ ಹುಟ್ಟಲಿಲ್ಲ. ಏಕೆ?

ಇವುಗಳ ಬೀಜದ ಸಿಪ್ಪೆ ನೀರನ್ನು ಒಳಬಿಡುವುದಿಲ್ಲ. ಬಿಸಿಲು, ಮಳೆ, ಹುಳುಗಳು ಆ ಸಿಪ್ಪೆಯನ್ನು ಸವೆಸುವವರೆಗೆ ಬೀಜ ವರ್ಷಗಟ್ಟಲೆ ಕಾಯಬಲ್ಲದು. ಕುದಿದ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಹೊಯ್ದು ರಾತ್ರಿಯಿಡೀ ಬಿಡಿ, ಅಥವಾ ಎರಡು ಉಪ್ಪುಕಾಗದದ ನಡುವೆ ಮೆಲ್ಲಗೆ ಉಜ್ಜಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದ್ದವು ಬಿತ್ತಲು ಸಿದ್ಧ. ಆದರೆ ನಾನು ಎಲ್ಲವನ್ನೂ ಹೀಗೆ ಮಾಡುವುದಿಲ್ಲ, ಅರ್ಧವನ್ನು ಗಟ್ಟಿಯಾಗಿಯೇ ಬೆರೆಸುತ್ತೇನೆ. ಈ ವರ್ಷದ ಮಳೆ ಕೈಕೊಟ್ಟರೆ ಉಬ್ಬಿದ ಬೀಜಗಳೆಲ್ಲ ಸಾಯುತ್ತವೆ, ಗಟ್ಟಿ ಬೀಜಗಳು ಮುಂದಿನ ವರ್ಷಕ್ಕೆ ಉಳಿಯುತ್ತವೆ.

ಬೀಜದುಂಡೆ ಮಾಡಿ ಎಸೆದರೆ ಸಾಲದೇ? ಶಾಲೆಗಳಲ್ಲಿ ಮಾಡಿಸುತ್ತಾರಲ್ಲ.

ಬೀಜವನ್ನು ಜೇಡಿಮಣ್ಣಿನಲ್ಲಿ ಸುತ್ತಿ ಚೆಲ್ಲುವ ಪದ್ಧತಿಯನ್ನು ನಮ್ಮ ಕಾಲಕ್ಕೆ ಪ್ರಸಿದ್ಧಗೊಳಿಸಿದವರು ಜಪಾನಿನ ರೈತ ಮಸನೊಬು ಫುಕುವೊಕಾ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಕ್ಕಿ, ಇರುವೆ, ಇಲಿಗಳಿಂದ ಬೀಜವನ್ನು ಮಳೆಯವರೆಗೆ ಕಾಯುವುದು ಉಂಡೆಯ ಕೆಲಸ. ಬೇಲಿಯಾಚೆ, ಕಾಲಿಡಲಾಗದ ಇಳಿಜಾರಿಗೆ, ಆವರಿಕೆಯಂಥ ದಪ್ಪ ಬೀಜಕ್ಕೆ ಅದು ಒಳ್ಳೆಯದೇ. ಸಣ್ಣ ಬೀಜಕ್ಕೆ ಮಾತ್ರ ಉಂಡೆಯೇ ಗೋರಿ. ಮೊದಲ ವರ್ಷ ನಾನು ಕೆರೆಯ ಜೇಡಿಮಣ್ಣಿನಲ್ಲಿ ಗೋಲಿಗಾತ್ರದ ಮುನ್ನೂರು ಉಂಡೆ ಕಟ್ಟಿ ಬಿಸಿಲಿನಲ್ಲಿ ಒಣಗಿಸಿದೆ. ಅವು ಬೆಂದ ಇಟ್ಟಿಗೆಯಂತಾಗಿ ಎರಡು ಮಳೆ ಕಳೆದರೂ ಕರಗಲಿಲ್ಲ. ಪಕ್ಕದ ಮನೆಯ ಹುಡುಗರು ಅವುಗಳಲ್ಲಿ ಗೋಲಿಯಾಡಿದರು. ಈಗ ಮಾಡುವುದಾದರೆ ಜರಡಿ ಹಿಡಿದ ಕೆಮ್ಮಣ್ಣು ಮೂರು ಪಾಲಿಗೆ ಎರೆಗೊಬ್ಬರ ಎರಡು ಪಾಲು, ಕಡಲೆಕಾಳಿನ ಗಾತ್ರ, ನೆರಳಿನಲ್ಲಿ ಎರಡು ದಿನ. ಒಂದನ್ನು ಲೋಟದ ನೀರಿಗೆ ಹಾಕಿ ನೋಡಿ, ಅರ್ಧ ಗಂಟೆಯಲ್ಲಿ ಒಡೆಯದಿದ್ದರೆ ಜೇಡಿ ಹೆಚ್ಚಾಗಿದೆ. ಹುತ್ತದ ಮಣ್ಣು ಒಳ್ಳೆಯದೆಂದು ಹಲವರು ಹೇಳುತ್ತಾರೆ, ಆದರೆ ಉಂಡೆಗಾಗಿ ಹುತ್ತ ಒಡೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಗೌರಿಹೂವು, ಗುಲಗಂಜಿ ಎಷ್ಟು ಚೆನ್ನಾಗಿವೆ, ಅವನ್ನೂ ಬಿತ್ತಬಹುದೇ?

ಬೆಂಕಿಯ ನಾಲಗೆಯಂಥ ಗೌರಿಹೂವಿನ, ಅಂದರೆ ಅಗ್ನಿಶಿಖೆಯ, ಗೆಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗುಲಗಂಜಿಯ ಬೀಜ ಜಗಿದರೆ ಪ್ರಾಣಕ್ಕೇ ಅಪಾಯ. ಎರಡೂ ನಮ್ಮವೇ, ಬೇಲಿಗಳಲ್ಲಿ ಇದ್ದಲ್ಲಿ ಇರಲಿ. ಮಕ್ಕಳು ಓಡಾಡುವ ಬೀದಿಗೆ ನಮ್ಮ ಕೈಯಾರೆ ತರುವುದು ಬೇಡ. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು, ಗಿಲಗಿಚ್ಚಿ ದನಕರುಗಳಿಗೆ ಒಗ್ಗುವುದಿಲ್ಲ. ಮೇವಿನ ಜಾಗ, ಆಟದ ಬಯಲುಗಳನ್ನು ಬಿಟ್ಟು ಇವನ್ನು ಬಿತ್ತಬಹುದು.

## ಬಿತ್ತಿದ ಮೇಲೆ

ಕಾಂಗ್ರೆಸ್ ಗಿಡದ ನಡುವೆ ಹೂಗಿಡ ಹೇಗೆ ಉಳಿಯುತ್ತದೆ?

ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದು, ಬೇಗನೆ ದೇಶವನ್ನೆಲ್ಲ ಹಬ್ಬಿತು. ಅದರ ಎಲೆ ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಈಗಲೂ ಅದರ ಕೆಲಸ ಕಾಣಬಹುದು. ಆದರೂ ಕೈಯಿಂದ ಕೀಳದೆ ಬೇರೆ ದಾರಿಯಿಲ್ಲ. ಬಿಳಿ ಹೂ ಮೂಡುವ ಮುನ್ನ, ಮಳೆ ಬಿದ್ದ ಮರುದಿನ, ಗ್ಲೌಸು ತೊಟ್ಟು ಬೇರುಸಹಿತ ಕೀಳಿ. ಮೈ ನವೆಯಾಗುವವರು, ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಬಾರದು. ಇಡೀ ನಿವೇಶನಕ್ಕೆ ಕೈಹಾಕಿದರೆ ಸೋಲುತ್ತೀರಿ. ಎರಡು ಚಾಪೆಯಷ್ಟು ಅಗಲವನ್ನು ಹಿಡಿದು, ಅದು ತುಂಬಿದ ಮೇಲೆ ಮುಂದಕ್ಕೆ ಹೋಗಿ.

ಹೂ ಬಿಡುವ ಹೊತ್ತಿಗೆ ಕೊಚ್ಚಲು ಬಂದರು. ಏನು ಮಾಡಬೇಕಿತ್ತು?

ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಈ ಉತ್ತರವನ್ನು ಓದಿ.

ಮೂರನೆಯ ವರ್ಷ ನಮ್ಮ ಜಾಗದಲ್ಲಿ ತುಂಬೆ ಮೊಣಕಾಲೆತ್ತರಕ್ಕೆ ಬಂದು, ನಸುಕಿನಲ್ಲಿ ನೋಡಿದರೆ ಅಕ್ಕಿ ಚೆಲ್ಲಿದಂತೆ ಕಾಣುತ್ತಿತ್ತು. ಗಣೇಶನ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬೆನ್ನಿಗೆ ಯಂತ್ರ ಕಟ್ಟಿಕೊಂಡ ಇಬ್ಬರು ಬಂದು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ನೆಲಸಮ ಮಾಡಿದರು. ಓಡಿಹೋಗಿ ಕೇಳಿದೆ. ಅವರಲ್ಲಿ ಹಿರಿಯರು ಯಂತ್ರ ನಿಲ್ಲಿಸಿ, "ಸ್ವಾಮಿ, ನಮಗೆ ಮೀಟರ್ ಲೆಕ್ಕದಲ್ಲಿ ದುಡ್ಡು. ಬಿಡಬೇಕು ಅಂತ ಯಾರಾದರೂ ಹೇಳಿದ್ದರೆ ಬಿಡುತ್ತಿದ್ದೆವು" ಎಂದರು. ತಪ್ಪು ನನ್ನದೇ. ಮೂರು ವರ್ಷ ಗುಟ್ಟಾಗಿ ಬಿತ್ತಿದ್ದೆನೇ ಹೊರತು ಅದನ್ನು ಬಿತ್ತಿದ್ದಾರೆಂದು ಯಾರಿಗೂ ತಿಳಿಸಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಕಾಲಿಗೆ ತಾಗುವಷ್ಟು ಎತ್ತರದಲ್ಲಿ ಸುತ್ತಲೂ ಕಲ್ಲು ಜೋಡಿಸಿ ಸುಣ್ಣ ಬಳಿದೆವು, ಏಕೆಂದರೆ ಅಂಚು ಕಂಡೊಡನೆ ಇದು ಯಾರೋ ನೋಡಿಕೊಳ್ಳುವ ಜಾಗವೆಂದು ಕಣ್ಣು ಒಪ್ಪುತ್ತದೆ. ರಸ್ತೆಯ ಕಡೆಯ ಒಂದಡಿ ಪಟ್ಟಿಯನ್ನು ನಾವೇ ಗಿಡ್ಡವಾಗಿ ಕತ್ತರಿಸಿಡುತ್ತೇವೆ. ಹಳೆಯ ಹಲಗೆಯ ಮೇಲೆ 'ತುಂಬೆ ಹೂವಿನ ಪಾತಿ, ಪೂಜೆಗೆ ಕೊಯ್ಯಬಹುದು, ಕೊಚ್ಚಬೇಡಿ' ಎಂದು ಬರೆಸಿದೆವು. 'ಜೀವವೈವಿಧ್ಯ' ಎಂದು ಬರೆದಿದ್ದರೆ ಇಷ್ಟು ಕೆಲಸ ಮಾಡುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಾರ್ಡಿನ ಕಚೇರಿಗೆ ಬಡಾವಣೆಯ ಸಂಘದಿಂದ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದೆವು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮೇಸ್ತ್ರಿಯ ಫೋನ್ ನಂಬರ್ ಪಡೆದು, ಹಬ್ಬಕ್ಕೆ ಮುಂಚೆ ಒಂದು ಕರೆ ಮಾಡಿ, ಬಂದಾಗ ಚಹಾ ಕೊಟ್ಟದ್ದು. ಬೀಜ ಉದುರಿದ ಮೇಲೆ, ಸಂಕ್ರಾಂತಿಯ ಹೊತ್ತಿಗೆ, ಅದೇ ಮೇಸ್ತ್ರಿಯನ್ನು ಕರೆದು ಒಣಗಿದ್ದನ್ನು ಕೊಚ್ಚಿಸುತ್ತೇವೆ. ಕತ್ತಿ ಬರಲೇಬಾರದೆಂದಲ್ಲ, ನಾಲ್ಕು ತಿಂಗಳು ತಡವಾಗಿ ಬಂದರೆ ಸಾಕು.

ಇಷ್ಟು ಸಣ್ಣ ಪಾತಿಗೆ ಚಿಟ್ಟೆ, ಜೇನು ಬರುತ್ತವೆಯೇ?

ಬರುತ್ತವೆ, ಆದರೆ ಹೂವಿಗಿಂತ ಎಲೆಯನ್ನು ನೋಡಿ. ಎಕ್ಕದ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುವಿನ ಊಟ, ಆವರಿಕೆಯ ಎಲೆ ಎಮಿಗ್ರಂಟ್ ಚಿಟ್ಟೆಗಳ ಮರಿಗಳಿಗೆ, ಗಿಲಗಿಚ್ಚಿಯ ಹೂವೂ ಎಳೆಗಾಯಿಯೂ ಪೀ ಬ್ಲೂ ಮರಿಗಳಿಗೆ. ಎಲೆ ತೂತಾಯಿತೆಂದು ಔಷಧಿ ಹೊಡೆದರೆ ಬಿತ್ತಿದ್ದೇ ವ್ಯರ್ಥ. ಒಣಗಿದ ಗಿಲಗಿಚ್ಚಿಯ ಗಿಡವನ್ನೂ ಕೀಳಬೇಡಿ: ಟೈಗರ್ ಜಾತಿಯ ಗಂಡು ಚಿಟ್ಟೆಗಳು ಅದರ ಒಣಕಡ್ಡಿಗೆ ಮುತ್ತಿ, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ರಾಸಾಯನಿಕವನ್ನು ಹೀರುತ್ತವೆ. ಆವರಿಕೆಯ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ದೊಡ್ಡ ಕಪ್ಪು ದುಂಬಿ ಹೂವನ್ನು ತಬ್ಬಿ ಗುಂಯ್‌ಗುಟ್ಟಿದಾಗ ಆ ನಡುಕಕ್ಕೆ ಪುಡಿ ಉದುರುತ್ತದೆ. ತುಡುವೆ ಜೇನಿಗೆ ಆ ವಿದ್ಯೆ ತಿಳಿಯದು. ಬೆಳಗಿನ ಏಳು ಗಂಟೆಗೆ ಗಿಡದ ಪಕ್ಕ ಸುಮ್ಮನೆ ನಿಂತರೆ ಆ ಸದ್ದಿನ ಏರಿಳಿತ ಕಿವಿಗೆ ಕೇಳುತ್ತದೆ.

## ಮುಂದಿನ ಹಂತ

ಊರಾಚೆ ಬೋಳು ಬಯಲಿದೆ, ಅಲ್ಲಿ ದೊಡ್ಡದಾಗಿ ಬಿತ್ತೋಣವೇ?

ಬೇಡ, ದಯವಿಟ್ಟು. ಮರವಿಲ್ಲದ ಜಾಗವೆಲ್ಲ ಪಾಳಲ್ಲ. ನಮ್ಮ ಅಮೃತಮಹಲ್ ಕಾವಲುಗಳು, ಹೆಸರಘಟ್ಟದ ಹುಲ್ಲುಗಾವಲು, ಕರಾವಳಿಯ ಮುರಕಲ್ಲಿನ ಪದವುಗಳು ಬೇಸಗೆಯಲ್ಲಿ ಬೋಳಾಗಿ ಕಂಡರೂ ತಮ್ಮದೇ ಹುಲ್ಲು, ಗೆಡ್ಡೆ, ಹೂಗಳಿಂದ ತುಂಬಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಘೋಷಣೆಯಾದದ್ದು ಅಂಥದೇ ಬಯಲಿನಲ್ಲಿ. ಅಲ್ಲಿಗೆ ಮರದ ಬೀಜದುಂಡೆಗಳನ್ನು ಎಸೆಯುವುದು ಸೇವೆಯಲ್ಲ, ಹಾನಿ. ನಮ್ಮ ಕೆಲಸ ಈಗಾಗಲೇ ಕೆಟ್ಟ ನೆಲದಲ್ಲಿ: ಚರಂಡಿಯ ಅಂಚು, ಕಂಬದ ಬುಡ, ಮಣ್ಣು ಸುರಿದ ಮೂಲೆ.

ಬೇರೆ ಜಿಲ್ಲೆಯಿಂದ ಅದೇ ಜಾತಿಯ ಬೀಜ ತರಿಸಬಹುದೇ?

ಹತ್ತಿರದಲ್ಲಿ ಸಿಗುವವರೆಗೆ ಬೇಡ. ಜಾತಿ ಒಂದೇ ಆದರೂ ಆಗುಂಬೆಯ ಮಳೆಗೆ ಒಗ್ಗಿದ ಗಿಡವೂ ಚಳ್ಳಕೆರೆಯ ಬಿಸಿಲಿಗೆ ಒಗ್ಗಿದ ಗಿಡವೂ ಒಂದೇ ಹೊತ್ತಿಗೆ ಮೊಳೆಯುವುದಿಲ್ಲ, ಒಂದೇ ಹೊತ್ತಿಗೆ ಹೂ ಬಿಡುವುದಿಲ್ಲ. ನಾನು ಹಾಕಿಕೊಂಡ ಮಿತಿ ಸೈಕಲ್ಲಿನಲ್ಲಿ ಬೆಳಗಿನ ತಿಂಡಿಗೆ ಮುಂಚೆ ಹೋಗಿ ಬರುವಷ್ಟು ದೂರ.

ನಾನು ಹೊರದೇಶದಲ್ಲಿದ್ದೇನೆ. ಊರಿಗೆ ಬಂದಾಗ ತುಂಬೆ ಬೀಜ ತಂದು ಇಲ್ಲಿ ಬಿತ್ತಬಹುದೇ?

ಊರಿನ ನೆನಪು ಅರ್ಥವಾಗುತ್ತದೆ, ಆದರೂ ಉತ್ತರ ಬೇಡ ಎಂದೇ. ದಾಖಲೆಯಿಲ್ಲದೆ ಬೀಜ ಒಯ್ಯುವುದನ್ನು ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್ ತಡೆಯುತ್ತವೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಲಂಟಾನ. ಅಲಂಕಾರಕ್ಕೆಂದು ನಮ್ಮಲ್ಲಿಗೆ ತಂದ ಆ ಅಮೆರಿಕದ ಪೊದೆ ಇಂದು ಬಂಡೀಪುರದಂಥ ಕಾಡುಗಳ ಒಳಗೆಲ್ಲ ತುಂಬಿದೆ. ನೀವಿರುವ ಊರಿನ ಕಾಡುಹೂ ಯಾವುದೆಂದು ಅಲ್ಲಿನ ಹಿರಿಯರನ್ನು ಕೇಳಿ, ಅದನ್ನೇ ಬಿತ್ತಿ.

ಎಷ್ಟು ವರ್ಷ ಹೀಗೆ ಬಿತ್ತುತ್ತಲೇ ಇರಬೇಕು?

ಗಿಡ ಒಂದು ಸಲ ನೆಮ್ಮದಿಯಾಗಿ ಬೀಜ ಉದುರಿಸಿದರೆ ಮರುವರ್ಷ ಅರ್ಧದಷ್ಟು, ಎರಡು ಸಲ ಉದುರಿಸಿದರೆ ಬಹುತೇಕ ಬೇಕಿಲ್ಲ. ನಮ್ಮ ಟ್ರಾನ್ಸ್‌ಫಾರ್ಮರ್ ಪಕ್ಕದ ಪಾತಿಗೆ ನಾನು ಬೀಜ ಹಾಕಿ ಎರಡು ವರ್ಷವಾಯಿತು. ಈಗ ಅಲ್ಲಿ ತುಂಬೆಯ ನಡುವೆ ನಾನು ಬಿತ್ತದ ಕನ್ನೆಸೊಪ್ಪೂ ನೆಗ್ಗಿಲೂ ಬಂದಿವೆ. ನೆಗ್ಗಿಲಿನ ಮುಳ್ಳು ಬರಿಗಾಲಿಗೆ ಚುಚ್ಚುವುದರಿಂದ ಅದನ್ನಷ್ಟೇ ಕೀಳುತ್ತೇನೆ. ಡಿಸೆಂಬರಿನಲ್ಲಿ ಒಂದು ಹಿಡಿ ಬೀಜ ತಟ್ಟಿಕೊಂಡು, ಕೇಳಿದವರಿಗೆಂದು ಹಳೆಯ ಮದುವೆ ಪತ್ರಿಕೆಯ ಲಕೋಟೆಗಳಲ್ಲಿ ತುಂಬಿಡುತ್ತೇನೆ. ಹತ್ತಿರದವರು ಬಂದು ಒಯ್ಯಬಹುದು.